ಊಟ ಬೇಡ, ಸ್ನಾನ ಸಾಕು: ನಾನು ಓನ್ಸೆನ್ ರ್ಯೋಕಾನ್ ಆರಿಸುವ ಬಗೆ

ಅತ್ತೆ-ಮಾವ ಹಾವೇರಿಯಿಂದ ಬಂದಾಗ ಅವರನ್ನು ಜಪಾನಿನ ಹಳ್ಳಿಗಾಡಿನ ಬಿಸಿನೀರ ಬುಗ್ಗೆಯ ತಂಗುಮನೆಗೆ, ಅಂದರೆ ಓನ್ಸೆನ್ ರ್ಯೋಕಾನ್‌ಗೆ ಕರೆದೊಯ್ಯುತ್ತೇನೆ, ಅಡುಗೆ ಮಾತ್ರ ಅಲ್ಲೇ ನಾನೇ ಮಾಡುತ್ತೇನೆ ಅಂದೆ. ಟೋಕಿಯೊದ ನಿಶಿ-ಕಸಾಯಿಯ ನಮ್ಮ ಕನ್ನಡ ಬಳಗದಲ್ಲಿ ನಗದವರಿಲ್ಲ. "ರ್ಯೋಕಾನ್‌ಗೆ ಹೋಗಿ ಅಲ್ಲಿನ ಕೈಸೇಕಿ ಊಟ ಬೇಡ ಅನ್ನೋದು, ಮದುವೆಗೆ ಹೋಗಿ ಅಕ್ಷತೆ ಹಾಕಿ ಹಸಿದುಕೊಂಡು ಬಂದ ಹಾಗೆ" ಅಂದರು ಒಬ್ಬರು. ಹೋದ ತಿಂಗಳು ಅದೇ ಮನುಷ್ಯ ಫೋನ್ ಮಾಡಿ ವಿಳಾಸ ಕೇಳಿದರು. ಊರಿನ ಹೆಸರು ಹೇಳಿದೆ, ರ್ಯೋಕಾನಿನ ಹೆಸರು ಹೇಳಲಿಲ್ಲ. ಇಲ್ಲೂ ಹೇಳುವುದಿಲ್ಲ. ಇರುವುದೇ ಏಳೆಂಟು ಕೋಣೆ.

ಈ ದಾರಿ ಹಿಡಿಯುವ ಮೊದಲು ದುಡ್ಡು ಸಾಕಷ್ಟು ಕರಗಿತ್ತು. ಎಲ್ಲರ ಹಾಗೆ ಸ್ಟಾರ್ ನೋಡಿ, ಫೋಟೊ ನೋಡಿ ಟೋಕಿಯೊ ಹತ್ತಿರದ ಹಾಕೊನೆ ಕಡೆ ಒಂದು ದೊಡ್ಡ ರ್ಯೋಕಾನ್ ಹಿಡಿದಿದ್ದೆವು. ಶನಿವಾರ ರಾತ್ರಿ, ಎರಡು ಹೊತ್ತಿನ ಊಟ ಸೇರಿ ತಲೆಗೆ 22 ಸಾವಿರ ಯೆನ್ ಆಸುಪಾಸು. ನಾಲ್ಕು ಜನಕ್ಕೆ ಎಷ್ಟಾಯಿತು ನೀವೇ ಲೆಕ್ಕ ಹಾಕಿ. ಮಾಂಸ, ಮೀನು, ಮೊಟ್ಟೆ ಬೇಡವೆಂದು ವಾರ ಮೊದಲೇ ಬರೆದು ತಿಳಿಸಿದ್ದೆ. ಅಡುಗೆಯವರು ಮೀನಿನ ತುಂಡು ತೆಗೆದರು, ಅಡುಗೆಗೆಲ್ಲ ಬಳಸುವ ಮೀನಿನ ರಸ ದಾಶಿ ತೆಗೆಯಲಿಲ್ಲ. ಸೂಪು, ಬೇಯಿಸಿದ ತರಕಾರಿ, ಅದ್ದಿಕೊಳ್ಳುವ ಸಾರು, ಎಲ್ಲದರಲ್ಲೂ ಕತ್ಸುವೊ ಮೀನು. ಮಾವ ಒಂದು ತುತ್ತು ಬಾಯಿಗಿಟ್ಟು ಬಟ್ಟಲು ಸರಿಸಿ, ಬರೀ ಅನ್ನಕ್ಕೆ ಉಪ್ಪು ಕಲಸಿಕೊಂಡರು. ಬೆಳಗ್ಗೆ ಏಳೂವರೆಗೆ ತಿಂಡಿಗೆ ಬರಲೇಬೇಕು ಅನ್ನುವ ಕಟ್ಟಳೆ ಬೇರೆ. ಲಿಂಗಪೂಜೆ ಮುಗಿಯದೆ ಅವರು ನೀರೂ ಮುಟ್ಟುವವರಲ್ಲ. ಇಷ್ಟರ ಮೇಲೆ ಸ್ನಾನದ ಕೋಣೆಯಲ್ಲಿ ಈಜುಕೊಳದ ಕ್ಲೋರಿನ್ ವಾಸನೆ.

ಆಮೇಲೆ ಬೌದ್ಧ ಗುಡಿಗಳ ಸಸ್ಯಾಹಾರವಾದ ಶೋಜಿನ್ ರ್‍ಯೋರಿಗೆಂದು ಗುಡಿಗಳಲ್ಲೇ ತಂಗುವ ಶುಕುಬೋ ಪ್ರಯತ್ನಿಸಿದೆವು. ಊಟ ಚೆನ್ನಾಗಿತ್ತು, ನೀರು ಓನ್ಸೆನ್ ಅಲ್ಲ. ಬಿಸಿನೀರಿಗಾಗಿ ಹೊರಟವರಿಗೆ ಅದು ಅರ್ಧ ಯಾತ್ರೆ.

ಆಗ ಲೆಕ್ಕ ತಿರುಗಿಸಿದೆ. ನಮ್ಮ ಊಟ ಅವರಿಗೆ ಕಷ್ಟ, ಅವರ ಊಟ ನಮಗೆ ಕಷ್ಟ. ಹಾಗಿದ್ದ ಮೇಲೆ ಊಟವನ್ನು ವ್ಯವಹಾರದಿಂದಲೇ ತೆಗೆದುಹಾಕಿ ನೀರನ್ನಷ್ಟೇ ನೋಡಿ ಆರಿಸುವುದು. ಈಶಾನ್ಯದ ತೋಹೊಕು ಕಡೆಯ ಹಳೆಯ ತೋಜಿ (ಬಿಸಿನೀರ ಚಿಕಿತ್ಸೆಯ) ಊರುಗಳಲ್ಲಿ ಇದು ಹೊಸದಲ್ಲ. ಸುಗ್ಗಿ ಮುಗಿದ ಮೇಲೆ ರೈತರು ಅಕ್ಕಿ, ಮಿಸೊ ಹೊತ್ತು ಬಂದು, ವಾರಗಟ್ಟಲೆ ಇದ್ದು, ತಾವೇ ಬೇಯಿಸಿಕೊಂಡು ಮೈನೋವು ಕಳೆದುಕೊಳ್ಳುತ್ತಿದ್ದರು. ತಾವೇ ಬೇಯಿಸಿಕೊಳ್ಳುವ ಆ ಜಿಸುಯಿ ಕೋಣೆಗಳು ಇನ್ನೂ ಇವೆ. ಹಾನಾಮಾಕಿಯ ಓಸಾವಾ, ಮಿಯಾಗಿಯ ನಾರುಕೊ, ಅಕಿತಾದ ತಾಮಾಗಾವಾ, ಯಾಮಾಗಾತಾದ ಹಿಜಿಯೊರಿ. ತಾಮಾಗಾವಾ ಮೊದಲ ಸಲದವರಿಗೆ ಬೇಡ: ಪಿಎಚ್ 1.2 ಸುಮಾರಿನ ಆಮ್ಲ, ಗೀರಿದ ಗಾಯವಿದ್ದರೆ ಕಣ್ಣಲ್ಲಿ ನೀರು ಬರುತ್ತದೆ.

ನೀರು ನೋಡುವುದು ಹೇಗೆ? "ನೈಸರ್ಗಿಕ ಓನ್ಸೆನ್" ಅನ್ನುವ ಬೋರ್ಡಿಗೆ ನಾನು ಬೆಲೆ ಕೊಡುವುದಿಲ್ಲ. 1948ರ ಕಾನೂನಿನ ಪ್ರಕಾರ ಬುಗ್ಗೆಯ ಬಾಯಲ್ಲಿ ನೀರು 25 ಡಿಗ್ರಿ ಇದ್ದರೂ ಓನ್ಸೆನ್. ಅಷ್ಟೂ ಇಲ್ಲದಿದ್ದರೆ ಪಟ್ಟಿಯಲ್ಲಿರುವ 19 ಅಂಶಗಳಲ್ಲಿ ಒಂದು ಬೇಕಾದಷ್ಟಿದ್ದರೆ ಸಾಕು. ನಾನು ಕೇಳುವುದು ಬುನ್ಸೆಕಿಶೊ (ನೀರಿನ ಪರೀಕ್ಷಾ ಪತ್ರ) ಮತ್ತು ಅದರ ಪಕ್ಕದ ಚೀಟಿ. ನೀರು ಬೆರೆಸಿದ್ದಾರಾ, ಕಾಯಿಸಿದ್ದಾರಾ, ಅದೇ ನೀರನ್ನು ತಿರುಗಿಸುತ್ತಿದ್ದಾರಾ, ಔಷಧಿ ಹಾಕಿದ್ದಾರಾ, ನಾಲ್ಕರಲ್ಲಿ ಯಾವುದನ್ನು ಮಾಡಿದ್ದರೂ ಅಲ್ಲಿ ಬರೆದಿರಲೇಬೇಕು. 2004ರಲ್ಲಿ ನಾಗಾನೊದ ಶಿರಾಹೊನೆಯಲ್ಲಿ ನೀರು ಬೆಳ್ಳಗೆ ಕಾಣಲೆಂದು ಪುಡಿ ಹಾಕಿದ್ದು ಬಯಲಾಗಿ ದೇಶವೆಲ್ಲ ಗದ್ದಲವಾದ ಮೇಲೆ, ಮರುವರ್ಷ ಬಂದ ನಿಯಮ ಅದು. ನಾಲ್ಕಕ್ಕೂ "ಇಲ್ಲ" ಅಂತಿದ್ದರೆ ಮಾತ್ರ ನನ್ನ ಪಟ್ಟಿಗೆ. ನಂತರ ಬುಗ್ಗೆಯಿಂದ ನಿಮಿಷಕ್ಕೆ ಬರುವ ಲೀಟರನ್ನು ಕೋಣೆಗಳ ಸಂಖ್ಯೆಯಿಂದ ಭಾಗಿಸುತ್ತೇನೆ. ಎಷ್ಟು ಬಂದರೆ ಪಾಸು ಅನ್ನುವುದು ನನ್ನ ಹತ್ತಿರವೇ ಇರಲಿ.

ಲಾಟೀನು ನೇತುಹಾಕಿದ, ಹಿತೋ (ಮರೆಯಲ್ಲಿರುವ ಬುಗ್ಗೆ) ಸಂಘದ ರ್ಯೋಕಾನ್‌ಗಳನ್ನೂ ನೋಡಿದೆ. ನೀರು ಚೆನ್ನ, ಮೂರು ವರ್ಷದಲ್ಲಿ ತಂಗಿದ್ದಕ್ಕೆ ಸಿಗುವ ಹತ್ತು ಮುದ್ರೆ ಕೂಡಿಸಿದರೆ ಒಂದು ರಾತ್ರಿ ಪುಕ್ಕಟೆ. ಆದರೆ ಹೆಚ್ಚಿನವು ಊಟ ಸೇರಿಸಿಯೇ ಕೊಡುವುದರಿಂದ ನನಗೆ ಒಗ್ಗಲಿಲ್ಲ.

ಎಷ್ಟೋ ಒಳ್ಳೆಯ ಜಿಸುಯಿ ಮನೆಗಳು ಬುಕಿಂಗ್ ಸೈಟುಗಳಲ್ಲಿ ಸಿಗುವುದೇ ಇಲ್ಲ. ಫೋನೇ ಗತಿ. ಮಧ್ಯಾಹ್ನ ಒಂದರಿಂದ ಎರಡರೊಳಗೆ ಮಾಡಿ. ಕೋಣೆ ಗುಡಿಸಿ ಆಗಿರುತ್ತದೆ, ಹೊಸಬರು ಬಂದಿರುವುದಿಲ್ಲ, ಮನೆಯೊಡತಿ ಒಕಾಮಿಗೆ ಮಾತಾಡಲು ಪುರುಸೊತ್ತು. ವಿದೇಶಿಯ ದನಿ ಕೇಳಿ ಅವರು ಹಿಂಜರಿಯುವುದುಂಟು. ಆಗ ನಾನು ಹೇಳುವ ಒಂದು ವಾಕ್ಯವಿದೆ, ಇದುವರೆಗೆ ಸೋತಿಲ್ಲ. ಅದೂ ಇಲ್ಲಿ ಬೇಡ.

ನನಗೆ ಹೆಚ್ಚು ತಲೆಬಿಸಿ ಕೊಟ್ಟದ್ದು ಅತ್ತೆಯ ಹಚ್ಚೆ. ಎರಡೂ ಮೊಣಕೈವರೆಗೆ ಹಸಿರು ಹಚ್ಚೆ, ಮದುವೆಗೆ ಮುಂಚೆ ಕೊರವಂಜಿ ಹಾಕಿದ್ದು. ದೊಡ್ಡ ಸ್ನಾನಗೃಹಗಳಲ್ಲಿ ಹಚ್ಚೆ ಅಂದರೆ ಯಾಕುಜಾ ರೌಡಿ, ಬಾಗಿಲಲ್ಲೇ ತಡೆ. 2013ರಲ್ಲಿ ಹೊಕ್ಕೈಡೊದಲ್ಲಿ ಮುಖದ ಮೇಲೆ ಸಾಂಪ್ರದಾಯಿಕ ಹಚ್ಚೆ ಇದ್ದ ಮಾವೊರಿ ಮಹಿಳೆಯನ್ನೇ ಹೊರಗಿಟ್ಟಿದ್ದರು. ಅದರ ಜೊತೆಗೆ ಅತ್ತೆಯದೇ ಮುಷ್ಕರ: "ಎಲ್ಲಾರೂ ಕೂಡಿ ಬತ್ತಲೆ ಜಳಕ ಮಾಡೂದಂದ್ರ ಏನವ್ವಾ? ನಾ ಒಲ್ಲೆ."

ಇದಕ್ಕೆ ನನ್ನ ಉಪಾಯ ಎರಡು. ಒಂದು, ಒಳಗಿನಿಂದ ಚಿಲಕ ಹಾಕಿಕೊಳ್ಳುವ ಕಾಶಿಕಿರಿ ತೊಟ್ಟಿ ಇರಬೇಕು. ದೊಡ್ಡ ಕಡೆ ಮುಕ್ಕಾಲು ಗಂಟೆಗೆ ಎರಡು ಸಾವಿರ ಯೆನ್ ಕೇಳುತ್ತಾರೆ. ಚಿಕ್ಕ ತೋಜಿ ಮನೆಯಲ್ಲಿ ಬಾಗಿಲಿನ ಹಲಗೆ ತಿರುಗಿಸಿ ಒಳಹೋದರಾಯಿತು, ಪುಕ್ಕಟೆ. ಎರಡು, ಒಂದೇ ಕಡೆ ಎರಡು ರಾತ್ರಿಗಿಂತ ಹೆಚ್ಚು ಇರಬೇಕು. ಬೆಳಗ್ಗೆ ಹತ್ತಕ್ಕೆ ಹಳಬರು ಹೋಗುತ್ತಾರೆ, ಮೂರಕ್ಕೆ ಹೊಸಬರು ಬರುತ್ತಾರೆ. ತೊಳೆಯುವ ಹೊತ್ತು ಬಿಟ್ಟರೆ ನಡುವೆ ದೊಡ್ಡ ತೊಟ್ಟಿ ಪೂರ್ತಿ ನಮ್ಮದೇ. ಎರಡನೇ ದಿನ ಅತ್ತೆ ನನ್ನನ್ನೂ ಕರೆಯದೆ ಹೋಗಿ ಒಂದು ತಾಸು ಕೂತು ಬಂದರು.

ನಾವು ಹೋದದ್ದು ಹಿಜಿಯೊರಿಗೆ, ಅಕ್ಟೋಬರ್ ಕೊನೆಗೆ. ಶಿಂಜೊವರೆಗೆ ಶಿಂಕಾನ್‌ಸೆನ್, ಅಲ್ಲಿಂದ ಬಸ್ಸು ಇದೆ, ಆದರೆ ರೈಲಿಗೇ ಒಬ್ಬರಿಗೆ ಹೋಗಿಬರಲು 26 ಸಾವಿರದ ಹತ್ತಿರ. ಬಾಡಿಗೆ ಕಾರು, ಟೋಲು, ಪೆಟ್ರೋಲು ಎಲ್ಲ ಸೇರಿ ನಾಲ್ವರಿಗೆ 60 ಸಾವಿರದಲ್ಲಿ ಮುಗಿಯಿತು. ಕುಕ್ಕರು, ಅಕ್ಕಿ, ಬೇಳೆ, ಅತ್ತೆ ಊರಿಂದ ತಂದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಡಿಕ್ಕಿಯಲ್ಲಿ. ಚಳಿಗಾಲಕ್ಕೆ ಹೋಗಬೇಡಿ, 2018ರಲ್ಲಿ ಅಲ್ಲಿ ಹಿಮ ನಾಲ್ಕು ಮೀಟರ್ ದಾಟಿತ್ತು. ಬೆಳಗಿನ ಸಂತೆಯೂ ಏಪ್ರಿಲ್ ಕೊನೆಯಿಂದ ನವೆಂಬರ್‌ವರೆಗೆ ಮಾತ್ರ.

ಜಿಸುಯಿಗೆ ಆ ಸಂತೆಯೇ ಜೀವ. ಬೀದಿಯಲ್ಲಿ ಅಜ್ಜಿಯರು ಅಣಬೆ, ಕುಂಬಳ, ಕೆಸುವಿನ ಗಡ್ಡೆ ಹರಡಿಕೊಂಡು ಕೂತಿರುತ್ತಾರೆ. ತಿನ್ನಲೆಂದು ಮಾರುವ ಸೇವಂತಿಗೆಯನ್ನು ಅತ್ತೆ ಒಂದು ಪೊಟ್ಟಣ ಕೊಂಡು ಮಾವನ ಪೂಜೆಗೆ ಇಟ್ಟರು. ಉಳಿದದ್ದನ್ನು ನಾನು ಪಚಡಿಗೆ ಹಾಕಿದೆ, ಪರವಾಗಿಲ್ಲ. ಅಡುಗೆಮನೆ ಎಲ್ಲರಿಗೂ ಒಂದೇ. ಕುಕ್ಕರ್ ಮೊದಲ ಸೀಟಿ ಹೊಡೆದಾಗ ಪಕ್ಕದ ಒಲೆಯ ಅಜ್ಜ ಪಾತ್ರೆ ಬಿಟ್ಟು ಹೊರಗೋಡಿದ. ಸಂಜೆಗೆ ಅವನೇ ಬಟ್ಟಲು ಹಿಡಿದು ಬೇಳೆ ಸಾರಿಗೆ ಬಂದ.

ಖರ್ಚು: ತಲೆಗೆ ರಾತ್ರಿಗೆ 4,500 ಯೆನ್ ಇರಬೇಕು. ಹೀಟರು, ಯುಕಾತಾ ನಿಲುವಂಗಿ ಎಲ್ಲಕ್ಕೂ ಬಿಡಿ ಬಿಡಿ ದುಡ್ಡು, ಸ್ನಾನದ ತೆರಿಗೆ 150 ಬೇರೆ. ಫೋನಿನಲ್ಲೇ ಇವನ್ನೆಲ್ಲ ಕೇಳಿಟ್ಟುಕೊಳ್ಳಿ. ಮೂರು ರಾತ್ರಿ, ನಾಲ್ಕು ಜನ, 60 ಸಾವಿರದ ಮೇಲೆ ಸ್ವಲ್ಪ. ಹಾಕೊನೆಯ ಒಂದು ರಾತ್ರಿಗಿಂತ ಕಮ್ಮಿ. ಓಡಾಟ, ಸಂತೆ ಸೇರಿ ಒಟ್ಟು 1 ಲಕ್ಷ 30 ಸಾವಿರ ಯೆನ್, ರೂಪಾಯಿಯಲ್ಲಿ 75 ಸಾವಿರದ ಸುತ್ತಮುತ್ತ.

ಮರಳುವಾಗ ನಾರುಕೊದಲ್ಲಿ ಇಳಿದೆವು. ಗಂಧಕದ ನೀರಿಗೆ ಬೆಳ್ಳಿ ಕಪ್ಪಾಗುತ್ತದೆಂದು ಗೊತ್ತಿದ್ದೇ ನನ್ನ ಒಂದು ಕಾಲುಂಗುರ ತೆಗೆದು, ಒಂದು ಬಿಟ್ಟುಕೊಂಡು ಇಳಿದೆ. ಬಿಟ್ಟದ್ದು ಕಾಲು ಗಂಟೆಯಲ್ಲಿ ಕಾಡಿಗೆ. ಬಟ್ಟಲಿಗೆ ಅಲ್ಯೂಮಿನಿಯಂ ಹಾಳೆ ಹಾಸಿ, ಅಡುಗೆ ಸೋಡಾ, ಕುದಿನೀರು ಹಾಕಿ ಉಂಗುರ ಮುಳುಗಿಸಿದರೆ ತಿರುಗಿ ಬೆಳ್ಳಗಾಯಿತು. ಅತ್ತೆ ಮಾತ್ರ ತಮ್ಮದನ್ನು ಕೊಡಲಿಲ್ಲ.

ಇನ್ನೊಂದು ಪ್ರಯೋಗ ಕ್ಯೂಶೂದ ಬೆಪ್ಪುವಿನಲ್ಲಿ, ಕಾನ್ನಾವಾ ಅನ್ನುವ ಕೇರಿಯಲ್ಲಿ. ಅಲ್ಲಿನ ಜಿಸುಯಿ ಮನೆಗಳಲ್ಲಿ ಒಲೆಯ ಜೊತೆ ನೆಲದಿಂದ ನೇರ ಬರುವ ಹಬೆಯ ಗೂಡೂ ಇರುತ್ತದೆ. ಗೆಣಸು, ಮೆಕ್ಕೆಜೋಳ ಎಲ್ಲರೂ ಬೇಯಿಸುತ್ತಾರೆ. ನಾನು ಇಡ್ಲಿ ಸ್ಟ್ಯಾಂಡ್ ಇಳಿಸಿದೆ. ಹತ್ತು-ಹನ್ನೆರಡು ನಿಮಿಷಕ್ಕೆ ಇಡ್ಲಿ ಹೂವಿನಂತೆ ಎದ್ದಿತು, ಮನೆಯ ಕುಕ್ಕರಿನಲ್ಲಿ ಅಷ್ಟು ಎದ್ದದ್ದಿಲ್ಲ. ಹಬೆಗೇ ಉಪ್ಪಿನಂಶವಿರುವುದರಿಂದ ಉಪ್ಪು ಮಾತ್ರ ಒಂದು ಗುಲಗಂಜಿ ಹೆಚ್ಚು. ಮುಂದಿನ ಸಲ ಹಿಟ್ಟಿಗೆ ಉಪ್ಪೇ ಹಾಕದೆ ನೋಡಬೇಕು.