ಎಡಗಡೆಯ ಬಟನ್: ಪ್ರೆಸ್ ಶಾಪಿನಲ್ಲಿ ಸುರಕ್ಷತೆಯ ಹೊಣೆ, ನನ್ನ ಅನುಭವ

ಬೆಂಗಳೂರಿನ ಪೀಣ್ಯದಲ್ಲಿ, ತಗಡನ್ನು ಒತ್ತಿ ಬಿಡಿಭಾಗ ಮಾಡುವ ಒಂದು ಪ್ರೆಸ್ ಶಾಪಿನಲ್ಲಿ ನಾನು ಮೇಂಟೆನೆನ್ಸ್ ಸೂಪರ್‌ವೈಸರ್ ಆಗಿದ್ದ ವರ್ಷಗಳಲ್ಲಿ ಸುರಕ್ಷತೆಯ ಕೆಲಸವೂ ನನ್ನ ಪಾಲಿಗೇ ಬಂದಿತ್ತು. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ ಪ್ರಕಾರ ಪ್ರತ್ಯೇಕ ಸುರಕ್ಷತಾ ಅಧಿಕಾರಿ ಇರಬೇಕಾದದ್ದು ಸಾಮಾನ್ಯವಾಗಿ 1000 ಅಥವಾ ಅದಕ್ಕೂ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗಳಲ್ಲಿ. ನಮ್ಮಲ್ಲಿ ಗುತ್ತಿಗೆಯವರೂ ಸೇರಿ ತೊಂಬತ್ತು ಜನರಿದ್ದರು.

ಒಂದು ರಾತ್ರಿ ಶಿಫ್ಟಿನಲ್ಲಿ ಸುತ್ತು ಹಾಕುತ್ತಿದ್ದಾಗ 50 ಟನ್ ಪವರ್ ಪ್ರೆಸ್ಸಿನ ಎಡಗಡೆಯ ಬಟನ್ ಒಳಗೇ ಕುಳಿತಿರುವುದು ಕಣ್ಣಿಗೆ ಬಿತ್ತು. ಬಟನ್ನಿಗೂ ಅದರ ಸುತ್ತಿನ ಉಂಗುರಕ್ಕೂ ನಡುವೆ ನಾಲ್ಕು ಮಡಿಕೆ ಮಾಡಿದ ರಟ್ಟಿನ ಚೂರೊಂದನ್ನು ತುರುಕಲಾಗಿತ್ತು. ಎಣ್ಣೆ ಹೀರಿ ಕಪ್ಪಾಗಿದ್ದ ಆ ರಟ್ಟು ಆ ದಿನದ್ದಲ್ಲ, ವಾರಗಳಷ್ಟು ಹಳೆಯದು. ಎರಡು ಕೈಗಳಿಂದ ಎರಡು ಬಟನ್‌ಗಳನ್ನು ಒತ್ತಿದರೆ ಮಾತ್ರ ಪ್ರೆಸ್ಸಿನ ಬಡಿಯುವ ಭಾಗವಾದ ರ‍್ಯಾಮ್ ಇಳಿಯಬೇಕೆಂದು ಮಾಡಿದ ವ್ಯವಸ್ಥೆಯದು. ಈಗ ಬಲಗೈ ಒಂದರಿಂದಲೇ ಪ್ರೆಸ್ ಹೊಡೆಯುತ್ತಿತ್ತು, ಎಡಗೈ ಡೈ ಒಳಗೆ, ಎಂದರೆ ತಗಡಿಗೆ ಆಕಾರ ಕೊಡುವ ಅಚ್ಚಿನೊಳಗೆ, ಹೋಗಿ ಬರುತ್ತಿತ್ತು.

ನಾನು ಮೊದಲು ಮಾಡಲು ಹೊರಟದ್ದು ಎಲ್ಲರೂ ಮಾಡುವ ಕೆಲಸವನ್ನೇ. ಕಾರ್ಮಿಕರ ಆರೋಗ್ಯ ಮತ್ತು ಸುರಕ್ಷತೆಗಾಗಿ ಒದಗಿಸಿದ ಯಾವುದೇ ಸಾಧನವನ್ನು ಕಾರ್ಮಿಕನು ಉದ್ದೇಶಪೂರ್ವಕವಾಗಿ ಕೆಡಿಸಬಾರದು, ದುರುಪಯೋಗ ಮಾಡಬಾರದು ಎಂದು ಕಾಯ್ದೆಯ 111ನೇ ಕಲಂ ಹೇಳುತ್ತಿತ್ತು. ಅದನ್ನೇ ಉಲ್ಲೇಖಿಸಿ ಕಾರಣ ಕೇಳುವ ನೋಟಿಸ್ ಬರೆಯಲು ಕುಳಿತೆ. ಬರೆಯುವ ಮೊದಲು ಒಮ್ಮೆ ಕೇಳಿಬಿಡೋಣವೆಂದು ಆಪರೇಟರನ್ನು ಕರೆದೆ. ಅವರು ರಾಯಚೂರು ಕಡೆಯವರು, ವಯಸ್ಸಿನಲ್ಲಿ ನನಗಿಂತ ಹಿರಿಯರು. "ಯಾಕಣ್ಣಾ ಹೀಗೆ ಮಾಡಿದ್ರಿ?" ಎಂದು ಕೇಳಿದ್ದಕ್ಕೆ ಅವರು, "ಎರಡೂ ಕೈ ಬಟನ್ ಮ್ಯಾಲೆ ಇಟ್ರ ಪೀಸ್ ಹಿಡಿಯೋರು ಯಾರ‍್ರೀ ಸಾಹೇಬ್ರ? ಪೀಸ್ ಸರಿತೈತಿ, ಲೆಕ್ಕ ಮುಟ್ಟಂಗಿಲ್ಲ" ಎಂದರು.

ಮರುದಿನ ಬೆಳಿಗ್ಗೆ ರಟ್ಟು ತೆಗೆದು ಅದೇ ಪ್ರೆಸ್ಸಿನ ಮುಂದೆ ನಾನೇ ಕುಳಿತೆ. ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಡೈನ ಪಿನ್ನುಗಳು ಸವೆದಿದ್ದರಿಂದ ಬ್ಲಾಂಕ್, ಎಂದರೆ ಒತ್ತಲು ಇಡುವ ತಗಡಿನ ತುಂಡು, ಇಟ್ಟಲ್ಲಿ ನಿಲ್ಲುತ್ತಿರಲಿಲ್ಲ; ಎಡಗೈಯಲ್ಲಿ ಹಿಡಿಯದೆ ಹೊಡೆದರೆ ಪೀಸ್ ರಿಜೆಕ್ಟ್ ಆಗುತ್ತಿತ್ತು. ಗಂಟೆಗೆ ಇಷ್ಟು ಎಂದು ನಿಗದಿ ಮಾಡಿದ್ದ ಟಾರ್ಗೆಟ್ ಕೂಡ ಎರಡು ಬಟನ್‌ಗಳು ಬರುವ ಮುಂಚೆ, ಕಾಲಿನ ಪೆಡಲ್ ಇದ್ದ ಕಾಲದಲ್ಲಿ ಅಳೆದದ್ದಾಗಿತ್ತು. ಇನ್ನೂ ಒಂದು ವಿಷಯವಿತ್ತು, ಅದನ್ನು ಮೇಂಟೆನೆನ್ಸಿನವನಾದ ನಾನೇ ಮೊದಲು ಗಮನಿಸಬೇಕಾಗಿತ್ತು. ಆ ಪ್ರೆಸ್ಸಿನದು ಕೀ ಕ್ಲಚ್. ಒಮ್ಮೆ ಕ್ಲಚ್ ಹಿಡಿದರೆ ರ‍್ಯಾಮ್ ಒಂದು ಪೂರ್ತಿ ಸುತ್ತು ಮುಗಿಸಿಯೇ ನಿಲ್ಲುತ್ತದೆ, ನಡುವೆ ಬಟನ್ ಬಿಟ್ಟರೂ ನಿಲ್ಲುವುದಿಲ್ಲ. ಹಾಗಿದ್ದ ಮೇಲೆ ಬಟನ್ನನ್ನಷ್ಟೇ ನಂಬಿ ಕೂರುವಂತಿರಲಿಲ್ಲ. ಡೈ ಸುತ್ತ ಭದ್ರವಾದ ಗಾರ್ಡ್ ಬೇಕಿತ್ತು. ಯಂತ್ರದ ಅಪಾಯಕಾರಿ ಭಾಗಗಳಿಗೆ ಗಟ್ಟಿಮುಟ್ಟಾದ ತಡೆ ಇರಬೇಕು, ಯಂತ್ರ ಚಲಿಸುತ್ತಿರುವಷ್ಟು ಹೊತ್ತೂ ಅದು ಸ್ವಸ್ಥಾನದಲ್ಲಿರಬೇಕು ಎಂಬುದು 21ನೇ ಕಲಮಿನ ಅಪ್ಪಣೆ, ಮತ್ತು ಅದನ್ನು ಪಾಲಿಸಬೇಕಾದವರು ಮಾಲೀಕರು. ನೋಟಿಸ್ ಕೊಡುವ ವಿಚಾರವನ್ನು ನಾನು ಅಲ್ಲಿಗೇ ಕೈಬಿಟ್ಟೆ.

ಮಾಲೀಕರ ಮುಂದೆ ಈ ವಿಷಯ ಇಟ್ಟಾಗ ಬಂದ ಉತ್ತರ, "ಈ ಜಾಬ್‌ಗೆ ಗಾರ್ಡ್ ಹಾಕಕ್ಕೆ ಆಗಲ್ಲ" ಎಂದು. ಭೋಪಾಲ್ ಅನಿಲ ದುರಂತದ ನಂತರ, 1987ರ ತಿದ್ದುಪಡಿಯಲ್ಲಿ, ಕಾಯ್ದೆಗೆ ಸೇರಿದ ಎರಡು ಕಲಮುಗಳು ಅಂದು ನನ್ನ ನೆರವಿಗೆ ಬಂದವು. ಕಾರ್ಯಸಾಧ್ಯವಾದ ಮಟ್ಟಿಗೆ ಎಲ್ಲ ಕಾರ್ಮಿಕರ ಆರೋಗ್ಯ, ಸುರಕ್ಷತೆ ಮತ್ತು ಕ್ಷೇಮವನ್ನು ಖಚಿತಪಡಿಸುವುದು ಅಧಿಭೋಗದಾರರ, ಎಂದರೆ ಕಾರ್ಖಾನೆಯ ಅಂತಿಮ ಹತೋಟಿ ಇರುವವರ, ಕರ್ತವ್ಯ ಎನ್ನುತ್ತಿತ್ತು 7ಎ. ಇನ್ನು 104ಎ ಪ್ರಕಾರ, ಇದು ಕಾರ್ಯಸಾಧ್ಯವಲ್ಲ ಎಂದು ಹೇಳುವವರೇ ಅದನ್ನು ರುಜುವಾತು ಮಾಡಬೇಕಿತ್ತು. "ಆಗಲ್ಲ ಅನ್ನೋದನ್ನ ನಾಳೆ ಕೋರ್ಟಿನಲ್ಲಿ ತೋರಿಸಬೇಕಾದವರು ನೀವು ಸಾರ್. ಒಂದು ವಾರ ಕೊಡಿ, ಆಗತ್ತೆ ಅನ್ನೋದನ್ನ ನಾವು ತೋರಿಸ್ತೀವಿ" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಒಪ್ಪಿಕೊಂಡರು.

ಟೂಲ್ ರೂಮಿನವರು ಬ್ಲಾಂಕನ್ನು ಹೊರಗೇ ಇಟ್ಟು ಒಳಕ್ಕೆ ತಳ್ಳುವ ಸ್ಲೈಡ್ ಮಾಡಿಕೊಟ್ಟರು, ಹೊಡೆದ ಪೀಸನ್ನು ಹೊರಕ್ಕೆ ಊದಲು ಗಾಳಿಯ ನಳಿಕೆ ಕೂರಿಸಿದರು, ಡೈ ಸುತ್ತ ಬೆರಳು ತೂರದಷ್ಟು ಕಿರಿದಾದ ಸಂದುಗಳಿರುವ ಗಾರ್ಡ್ ಕಟ್ಟಿದರು. ನಾನು ಬಟನ್‌ಗಳ ಸರ್ಕ್ಯೂಟ್ ಬದಲಿಸಿದೆ: ಎರಡನ್ನೂ ಅರ್ಧ ಸೆಕೆಂಡಿನೊಳಗೆ ಒಟ್ಟಿಗೇ ಒತ್ತಬೇಕು, ಪ್ರತಿ ಹೊಡೆತಕ್ಕೂ ಎರಡನ್ನೂ ಬಿಡಬೇಕು, ಇಲ್ಲವಾದರೆ ಮುಂದಿನ ಹೊಡೆತ ಬೀಳುವುದಿಲ್ಲ. ರಟ್ಟು ತುರುಕಿದರೆ ಪ್ರೆಸ್ಸೇ ನಿಲ್ಲುತ್ತದೆ. ಟಾರ್ಗೆಟ್ಟನ್ನು ಅದೇ ಆಪರೇಟರನ್ನು ಕೂರಿಸಿಕೊಂಡು ಹೊಸದಾಗಿ ಅಳೆದೆವು. ಇಷ್ಟಾದ ಮೇಲೆ ಗಾರ್ಡ್ ಬಿಚ್ಚಿದರೆ ಅದು ಕಾರ್ಮಿಕರ ತಪ್ಪು ಎಂದು ನಾನು ಕಟ್ಟುನಿಟ್ಟಾಗಿ ಹೇಳಿದೆ. ಹಾಗೆ ಹೇಳುವ ಹಕ್ಕು ನಮಗೆ ಆಗ ಬಂದಿತ್ತು.

ಈ ಕೆಲಸ ನಡೆಯುತ್ತಿದ್ದಾಗಲೇ ಕೈಗವಸಿನ ವಿಷಯ ಹೊರಬಿತ್ತು. ಶೀಟಿನ ಅಂಚಿನ ಚೂಪಾದ ಬರ್ ಕೈ ಕೊಯ್ಯದಂತೆ ಕೊಡುತ್ತಿದ್ದ ಕೈಗವಸಿನ ಹಣವನ್ನು ಗುತ್ತಿಗೆದಾರನು ಹುಡುಗರ ಸಂಬಳದಲ್ಲಿ ಹಿಡಿಯುತ್ತಿದ್ದನು. ಕೇಳಿದರೆ ಕಚೇರಿಯವರು, ಅವರು ನಮ್ಮ ಕಾರ್ಮಿಕರಲ್ಲ ಎಂದರು. ಕಾಯ್ದೆಯ ವ್ಯಾಖ್ಯೆಯಲ್ಲಿ ಗುತ್ತಿಗೆದಾರನ ಮೂಲಕ ಬಂದವನೂ, ಮೂಲ ಮಾಲೀಕನಿಗೆ ತಿಳಿದಿರಲಿ ತಿಳಿಯದಿರಲಿ, ಕಾರ್ಮಿಕನೇ. ಸುರಕ್ಷತೆಗಾಗಿ ಕೊಡಬೇಕಾದ ಸಾಧನಕ್ಕೆ ಕಾರ್ಮಿಕನಿಂದ ಹಣ ಪಡೆಯುವಂತಿಲ್ಲ ಎಂದು 114ನೇ ಕಲಂ ಹೇಳುತ್ತಿತ್ತು. ಹಿಡಿದ ಹಣ ಮರಳಿ ಬಂತು.

ನನಗೆ ಇಂದಿಗೂ ನೋವಾಗುವುದು ಅಪಘಾತಗಳನ್ನು ಮುಚ್ಚಿಟ್ಟ ರೀತಿಗೆ. ಗಾಯಗೊಂಡವನು 48 ಗಂಟೆ ಅಥವಾ ಹೆಚ್ಚು ಕಾಲ ಕೆಲಸ ಮಾಡಲಾಗದಿದ್ದರೆ ಕಾರ್ಖಾನೆಗಳ ಇಲಾಖೆಗೆ ವರದಿ ಮಾಡಬೇಕಾಗಿತ್ತು. ಅದನ್ನು ತಪ್ಪಿಸಲು ಬ್ಯಾಂಡೇಜ್ ಕಟ್ಟಿಕೊಂಡವರನ್ನು ಕರೆಸಿ ಗೇಟಿನ ಬಳಿ ಕುರ್ಚಿ ಹಾಕಿ ಕೂರಿಸಿ ಹಾಜರಿ ಬರೆಯುತ್ತಿದ್ದರು. ಆ ಪದ್ಧತಿಯನ್ನು ನಿಲ್ಲಿಸಲು ನನಗೆ ಪ್ರೆಸ್ ಸರಿಮಾಡಿದ್ದಕ್ಕಿಂತ ಹೆಚ್ಚು ಸಮಯ ಹಿಡಿಯಿತು.

2025ರ ನವೆಂಬರ್ 21ರಿಂದ ಆ ಕಾಯ್ದೆಯ ಬದಲಿಗೆ 2020ರ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಜಾರಿಗೆ ಬಂದಿದೆ. ಕಾರ್ಖಾನೆಗಳಲ್ಲಿ ಸುರಕ್ಷತಾ ಅಧಿಕಾರಿಯ ಮಿತಿ 500ಕ್ಕೆ ಇಳಿದಿದೆ. ಅಂದರೆ ನಮ್ಮಂಥ ಶಾಪುಗಳಲ್ಲಿ ಈ ಕೆಲಸ ಇನ್ನೂ ಸೂಪರ್‌ವೈಸರುಗಳ ಹೆಗಲಿಗೇ ಬೀಳುತ್ತದೆ. ಅಪಾಯ ಕಂಡರೆ ತಿಳಿಸುವುದು ಈ ಸಂಹಿತೆಯಲ್ಲಿ ನೌಕರನ ಕರ್ತವ್ಯ. ಗಂಭೀರ ಗಾಯದ ಅಥವಾ ಸಾವಿನ ಅಪಾಯ ಎದುರಿಗಿದೆ ಎನಿಸಿದರೆ ಅದನ್ನು ಮಾಲೀಕರ ಗಮನಕ್ಕೆ ತರುವುದು ಅವನ ಹಕ್ಕು, ತಕ್ಷಣ ಕ್ರಮ ಕೈಗೊಳ್ಳುವುದು ಮಾಲೀಕರ ಹೊಣೆ. ಹಳೆಯ ಕಾಯ್ದೆಯಲ್ಲಿ ಈ ಹಕ್ಕನ್ನು ಸ್ಪಷ್ಟವಾಗಿ ಕೊಟ್ಟದ್ದು ಅಪಾಯಕಾರಿ ಪ್ರಕ್ರಿಯೆಗಳ ಕಾರ್ಖಾನೆಗಳವರಿಗೆ ಮಾತ್ರ.

ನಾವು ಇದಕ್ಕಾಗಿ ಆಗಲೇ ಒಂದು ಪುಸ್ತಕ ಇಟ್ಟಿದ್ದೆವು. ಬರೆಯಲು ಬಾರದವರ ಪರವಾಗಿ ಬೇರೆಯವರು ಬರೆಯಬಹುದಿತ್ತು, ಹಿಂದಿಯಲ್ಲಿ ಬರೆದರೂ ಆಗುತ್ತಿತ್ತು. ಎಡಗಡೆಯ ಕಾಲಂ ಕಂಡದ್ದಕ್ಕೆ, ಬಲಗಡೆಯದು ನಾವು ಮಾಡಿದ್ದಕ್ಕೆ. ಮೊದಲ ನಮೂದು ಆ ರಾಯಚೂರಿನ ಹಿರಿಯರದೇ: "ಸ್ಲೈಡ್ ಬಿಗಿ ಆಗೈತಿ, ಪೀಸ್ ಪೂರ್ತಿ ಒಳಗ ಹೋಗವಲ್ದು." ಅದರ ಎದುರಿಗೆ ಅಂದಿನ ತಾರೀಖಿನಲ್ಲೇ ನನ್ನ ಸಹಿ ಇದೆ.