ರೀಲಿಂಗ್ ಮನೆಯ ಉಬ್ಬಸ ಹಿಡಿದ ಬಗೆ: ನನ್ನ ಅನುಭವ

"ಅಕ್ಷರ ಬಾರದವರ ಕೈಗೆ ಪೀಕ್ ಫ್ಲೋ ಮೀಟರ್ ಕೊಟ್ಟರೆ ಮೂರೇ ದಿನಕ್ಕೆ ಮಕ್ಕಳ ಆಟಿಕೆ" ಅಂದವರೇ ಹೆಚ್ಚು. ಊದಿದ ಉಸಿರಿನ ವೇಗ ಅಳೆಯುವ ಈ ಪುಟ್ಟ ಮೀಟರುಗಳನ್ನು ರಾಮನಗರದ ರೀಲಿಂಗ್ ಮನೆಗಳಲ್ಲಿ, ಅಂದರೆ ರೇಷ್ಮೆಗೂಡನ್ನು ಬಿಸಿನೀರಿನ ಬಾಣಲೆಯಲ್ಲಿ ಬೇಯಿಸಿ ನೂಲು ತೆಗೆಯುವ ಘಟಕಗಳಲ್ಲಿ, ಹನ್ನೆರಡು ಹಂಚಿದ್ದೆ. ಹತ್ತು ವಾಪಸ್ ಬಂದವು, ಒಂಬತ್ತರ ಜೊತೆ ತುಂಬಿದ ಹಾಳೆಯೂ ಬಂತು.

ಅದಕ್ಕೂ ಮೊದಲು ಕ್ಯಾಂಪ್ ಮಾಡಿ ಎಂಟು ಸಾವಿರದಷ್ಟು ಕಳೆದಿದ್ದೆ. ಹತ್ತು ಗಂಟೆಗೆ ಶಾಮಿಯಾನ, ಒಬ್ಬರಿಗೆ ಒಂದೇ ಸಲ ಊದಿಸಿದ್ದು, ಎಲ್ಲರೂ ನಾರ್ಮಲ್! ಬಾಣಲೆಯ ಹಬೆ, ಗೂಡಿನ ಧೂಳು ಕುಡಿದವರಿಗೆ ಎದೆ ಬಿಗಿಯುವುದು ಸಂಜೆಗೆ, ರಾತ್ರಿಗೆ.

ಮೀಟರ್ ಒಂದಕ್ಕೆ ಆರೇಳು ನೂರು ಬಿತ್ತು. ಅಂಕಿ ಬರೆಸಲಿಲ್ಲ. ಮೀಟರಿನ ಅಳತೆಪಟ್ಟಿಯನ್ನು ಅದೇ ಉದ್ದಕ್ಕೆ ಜೆರಾಕ್ಸ್ ಮಾಡಿಸಿ, ಪಕ್ಕಕ್ಕಿಟ್ಟು ಮುಳ್ಳು ನಿಂತಲ್ಲಿ ಪೆನ್ಸಿಲ್ ಗೀರು ಹಾಕಿಸಿದೆ. ಎದ್ದಾಗ, ಮಧ್ಯಾಹ್ನ, ಕೆಲಸ ಬಿಟ್ಟಾಗ, ಮಲಗುವಾಗ. ಪ್ರತಿ ಸಲ ಮೂರು ಊದು, ದೊಡ್ಡದಕ್ಕೆ ಗೀರು. ನಾಲ್ಕು ವಾರ. ಉಗುಳುವ ಹಾಗೆ 'ಥೂ' ಅಂದರೆ ಅಳತೆ ಸುಳ್ಳೇ ಮೇಲೇರುತ್ತದೆ; ಬೆರಳು ಮುಳ್ಳಿಗೆ ತಾಗಿದರೆ ಕೆಳಗೆ ನಿಲ್ಲುತ್ತದೆ. ಎರಡನ್ನೂ ಮೊದಲ ದಿನವೇ ತಿದ್ದಿ.

ಕೆಲಸದ ದಿನದ ಗೀರಿಗೆ ಹೋಲಿಸಲು ರಜೆಯ ಗೀರೂ ಬೇಕು. ರಜೆ ಒಂದು ದಿನದ್ದಾದರೆ ಸಾಲದು. ರಂಜಾನ್, ಬಕ್ರೀದಿಗೆ ಬಾಣಲೆ ಆರುವ ಮೂರ್ನಾಲ್ಕು ದಿನ ಹಾಳೆಯೊಳಗೆ ಬರುವಂತೆ ಶುರು ಮಾಡಿ. ಒಬ್ಬಾಕೆಗೆ ರಜೆಯಲ್ಲಿ ನಿಮಿಷಕ್ಕೆ 340 ಲೀಟರ್ ಇದ್ದದ್ದು ಕೆಲಸದ ಮೂರನೇ ಸಂಜೆಗೆ 250ರ ಆಸುಪಾಸು. ಹೀಗೆ ಇಳಿದವರು ಮೂರು ಜನ. ಅವರನ್ನು ಬಾಣಲೆ ಬಿಡಿಸಿ ನೂಲು ಹುರಿ ಮಾಡುವ ಕೆಲಸಕ್ಕೆ ಹಾಕಿಸಿದೆ, ಸ್ಟೆರಾಯ್ಡ್ ಇನ್‌ಹೇಲರ್ ದಿನವೂ ಶುರುವಾಯಿತು. ಮಾಲೀಕರನ್ನು ಒಪ್ಪಿಸಿದ್ದು ಹೇಗೆ ಅನ್ನುವುದು ನನ್ನ ಹತ್ತಿರವೇ ಇರಲಿ. ಹತ್ತು ಜನರೊಳಗಿನ ಘಟಕವಾದ್ದರಿಂದ ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಇರಲಿಲ್ಲ, ಇನ್‌ಹೇಲರಿನ ದುಡ್ಡು ಆ ಮೂವರೇ ಹೊರಬೇಕಿತ್ತು. ತಿಂಗಳಿಗೆ ಇನ್ನೂರು ಮುನ್ನೂರು. ಇಬ್ಬರ ಪಾಲು ಮಾಲೀಕರಿಂದಲೇ ಕೊಡಿಸಿದೆ.

ನಡುವೆ, ಬಾಣಲೆಯ ಬಿಸಿನೀರಿಗೆ ಆಗುವ ಕೈ ಹುಣ್ಣಿಗೂ ಕೈ ಹಾಕಿದೆ. ರಬ್ಬರ್ ಗವಸು ಹಾಕಿದರೆ ಎಳೆಯ ತುದಿ ಬೆರಳಿಗೆ ಸಿಗದು. ತುದಿ ಕತ್ತರಿಸಿ ಕೊಟ್ಟೆ, ಬಿಸಿನೀರು ಒಳಗೇ ನಿಂತು ಚರ್ಮ ಇನ್ನೂ ಬೆಂದಿತು. ಹಿರಿಯ ಹೆಂಗಸರ ಪಟಿಕದ ನೀರಿಗೆ ಚರ್ಮವೇನೋ ಗಟ್ಟಿಯಾಯಿತು, ವಾರಕ್ಕೆ ಬಿರುಕು ಬಿಟ್ಟಿತು. ಉಳಿದಿದ್ದು ಇಷ್ಟೇ: ಚಹಾದ ಹೊತ್ತಿಗೆ ಬೆರಳ ಸಂದಿಯನ್ನು ಹತ್ತಿ ಬಟ್ಟೆಯಲ್ಲಿ ಒತ್ತಿ ಒರೆಸುವುದು, ಉಗುರು ಸುತ್ತು ಊದಿದರೆ ಕ್ಲೋಟ್ರಿಮಜೋಲ್ (ಶಿಲೀಂಧ್ರದ ಮುಲಾಮು), ರಾತ್ರಿ ದಪ್ಪಗೆ ವ್ಯಾಸಲಿನ್. ಕೆಲಸದ ಮುಂಚೆ ವ್ಯಾಸಲಿನ್ ಹಚ್ಚಿಸಬೇಡಿ. ನೂಲಿಗೆ ಜಿಡ್ಡು ಹತ್ತಿದರೆ ಮರುದಿನ ನಿಮ್ಮನ್ನು ಬಾಗಿಲೊಳಗೇ ಬಿಡುವುದಿಲ್ಲ.