ಟೋಕಿಯೊದಲ್ಲಿ ಖಾಸಗಿ ಮಾರ್ಗದರ್ಶಿಯೊಂದಿಗೆ ಒಂದು ದಿನ: ಸಿದ್ಧತೆ ಮಾಡಿಕೊಳ್ಳುವುದು ಹೇಗೆ?

ಬೆಂಗಳೂರಿನಿಂದ ಟೋಕಿಯೊದ ನರಿತಾ ನಿಲ್ದಾಣಕ್ಕೆ ನೇರ ವಿಮಾನ ಬಂದ ಮೇಲೆ ಜಪಾನ್ ಪ್ರವಾಸ ನಮ್ಮವರಿಗೆ ಮೊದಲಿಗಿಂತ ಸುಲಭವಾಗಿದೆ. ಹಾಗೆ ಹೋದವರಲ್ಲಿ ಅನೇಕರು ಒಂದು ದಿನದ ಮಟ್ಟಿಗೆ ಖಾಸಗಿ ಮಾರ್ಗದರ್ಶಿಯೊಬ್ಬರನ್ನು ಗೊತ್ತುಮಾಡಿಕೊಳ್ಳುತ್ತಾರೆ. ಅದು ಒಳ್ಳೆಯ ನಿರ್ಧಾರವೇ. ಆದರೆ ಆ ದಿನವನ್ನು ಕೆಡಿಸಿಕೊಳ್ಳುವವರನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ, ಮತ್ತು ಕೆಡುವ ರೀತಿ ಹೆಚ್ಚುಕಡಿಮೆ ಒಂದೇ: ಹತ್ತು ಹನ್ನೆರಡು ಜಾಗಗಳ ಪಟ್ಟಿಯನ್ನು ಮಾರ್ಗದರ್ಶಿಯ ಕೈಗಿಟ್ಟು, ಅವೆಲ್ಲವನ್ನೂ ಸಂಜೆಯೊಳಗೆ ಮುಗಿಸಬೇಕೆಂದು ಹಟ ಹಿಡಿದು, ಅರ್ಧ ದಿನವನ್ನು ರೈಲಿನಲ್ಲಿಯೂ ನಿಲ್ದಾಣದ ಮೆಟ್ಟಿಲುಗಳ ಮೇಲೆಯೂ ಕಳೆದುಬಿಡುವುದು. ದಾರಿ ತೋರಿಸಲು ಕೈಯಲ್ಲಿರುವ ಮೊಬೈಲ್ ಸಾಕು. ಮಾರ್ಗದರ್ಶಿಗೆ ಕೊಡುವ ಹಣ, ಕಣ್ಣಿಗೆ ಕಂಡದ್ದರ ಹಿಂದೆ ಏನಿದೆ ಎಂದು ತಿಳಿಯುವುದಕ್ಕಾಗಿ. ಕೆಳಗಿನ ಹಂತಗಳನ್ನೆಲ್ಲ ಆ ದೃಷ್ಟಿಯಿಂದಲೇ ಬರೆದಿದ್ದೇನೆ.

ಮೊದಲ ಹಂತ: ದಿನವನ್ನು ಆರಿಸಿಕೊಳ್ಳಿ

ಇಳಿದ ದಿನವೇ ಮಾರ್ಗದರ್ಶಿಯನ್ನು ಕರೆಯಬೇಡಿ. ಜಪಾನಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದಿರುವುದರಿಂದ, ಅಲ್ಲಿ ಬೆಳಗಿನ 8.30 ಎಂದರೆ ನಿಮ್ಮ ದೇಹಕ್ಕೆ ಇನ್ನೂ 5 ಗಂಟೆ. ಎರಡನೆಯ ಅಥವಾ ಮೂರನೆಯ ದಿನ ಸರಿಯಾದದ್ದು. ಸೋಮವಾರವನ್ನು ಬಿಟ್ಟುಬಿಡಿ, ಉಯೆನೊದ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಅಂದು ಸಾಮಾನ್ಯವಾಗಿ ರಜೆ, ಚಕ್ರವರ್ತಿಯ ಅರಮನೆಯ ಪೂರ್ವ ಉದ್ಯಾನ ಸೋಮವಾರ ಮತ್ತು ಶುಕ್ರವಾರ ಎರಡೂ ದಿನ ಮುಚ್ಚಿರುತ್ತದೆ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗಿನ ‘ಗೋಲ್ಡನ್ ವೀಕ್’ ರಜೆಗಳಲ್ಲಿ ಎಲ್ಲೆಡೆ ಜನಸಂದಣಿ; ವರ್ಷಾಂತ್ಯದಿಂದ ಜನವರಿ 3ರವರೆಗೆ ಅಂಗಡಿ, ವಸ್ತುಸಂಗ್ರಹಾಲಯಗಳು ಅನೇಕ ಮುಚ್ಚಿರುತ್ತವೆ. ಡಿಸೆಂಬರ್‌ನಲ್ಲಿ ಹೋಗುವವರು ಸಂಜೆ 4.30ರ ಸುಮಾರಿಗೇ ಸೂರ್ಯ ಮುಳುಗುತ್ತಾನೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಎರಡನೆಯ ಹಂತ: ಮಾರ್ಗದರ್ಶಿಯನ್ನು ಹುಡುಕಿ

ಜಪಾನಿನಲ್ಲಿ ಸರ್ಕಾರಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ನೋಂದಾಯಿಸಿಕೊಂಡ ಮಾರ್ಗದರ್ಶಿಗಳಿದ್ದಾರೆ. ಚರಿತ್ರೆ, ಭೂಗೋಳ, ಸಾಮಾನ್ಯ ಜ್ಞಾನ, ವಿದೇಶಿ ಭಾಷೆ ಎಲ್ಲವನ್ನೂ ಒಳಗೊಂಡ ಕಠಿಣ ಪರೀಕ್ಷೆ ಅದು. ಮೊದಲು ಇಂಥವರು ಮಾತ್ರ ಹಣ ಪಡೆದು ಈ ಕೆಲಸ ಮಾಡಬಹುದಿತ್ತು. 2018ರ ಜನವರಿಯಲ್ಲಿ ಜಾರಿಗೆ ಬಂದ ಕಾನೂನು ತಿದ್ದುಪಡಿಯ ನಂತರ ಪರವಾನಗಿ ಇಲ್ಲದವರೂ ಮಾಡಬಹುದಾಗಿದೆ, ಆದರೆ ಆ ಅಧಿಕೃತ ಪದವಿಯ ಹೆಸರನ್ನು ಬಳಸುವಂತಿಲ್ಲ. ಪರವಾನಗಿ ಇಲ್ಲದವರೆಲ್ಲ ಕೆಟ್ಟವರೆಂದು ನಾನು ಹೇಳುವುದಿಲ್ಲ. ಆದರೂ ಮೊದಲ ಬಾರಿ ಹೋಗುವವರು, ಹಿರಿಯರನ್ನು ಕರೆದೊಯ್ಯುವವರು ಪರವಾನಗಿ ಹೊಂದಿದವರನ್ನೇ ಕರೆಯುವುದು ಒಳಿತು, ಏಕೆಂದರೆ ನೀವು ಕೇಳುವ ಮೂರನೆಯ ಪ್ರಶ್ನೆಗೂ ಅವರ ಬಳಿ ಉತ್ತರವಿರುತ್ತದೆ. ಶುಲ್ಕ ದಿನಕ್ಕೆ ಹತ್ತಾರು ಸಾವಿರ ಯೆನ್‌ಗಳಷ್ಟಾಗುತ್ತದೆ; ಅದು ಸಾಮಾನ್ಯವಾಗಿ ಇಡೀ ಗುಂಪಿಗೆ ಸೇರಿದ ಮೊತ್ತವಾದ್ದರಿಂದ ನಾಲ್ಕೈದು ಜನರ ಕುಟುಂಬಕ್ಕೆ ಹೊರೆಯೆನಿಸದು. ಉಚಿತವಾಗಿ ಬರುವ ಸ್ವಯಂಸೇವಕರ ಸಂಘಗಳೂ ಇವೆ. ಅವರ ಪ್ರಯಾಣ, ಪ್ರವೇಶ ಮತ್ತು ಊಟದ ಖರ್ಚನ್ನು ನೀವು ಭರಿಸಬೇಕು. ಹಣ ಪಡೆಯುವ ಮಾರ್ಗದರ್ಶಿಗಳಲ್ಲೂ ಇದೇ ರೂಢಿಯಿರುವುದರಿಂದ ಮೊದಲೇ ಕೇಳಿ ಖಚಿತಪಡಿಸಿಕೊಳ್ಳಿ.

ಇಲ್ಲಿ ನಮ್ಮವರು ಗಮನಿಸದ ಒಂದು ಸಂಗತಿಯಿದೆ. ಆ ಸರ್ಕಾರಿ ಪರೀಕ್ಷೆ ಇಂಗ್ಲಿಷ್, ಫ್ರೆಂಚ್, ಚೀನೀ, ಕೊರಿಯನ್, ಥಾಯ್ ಸೇರಿದಂತೆ 10 ಭಾಷೆಗಳಲ್ಲಿ ನಡೆಯುತ್ತದೆ. ಭಾರತದ ಯಾವ ಭಾಷೆಯೂ ಅದರಲ್ಲಿಲ್ಲ. ಅಪ್ಪ ಅಮ್ಮನಿಗೆ ಇಂಗ್ಲಿಷ್ ಬಾರದಿದ್ದರೆ ಮನೆಯವರೊಬ್ಬರು ಪ್ರತಿಯೊಂದನ್ನೂ ಕನ್ನಡದಲ್ಲಿ ತಿರುಗಿ ಹೇಳಬೇಕಾಗುತ್ತದೆ, ಅಂದರೆ ಪ್ರತಿ ವಿವರಣೆಗೂ ಎರಡರಷ್ಟು ಸಮಯ. ಎರಡು ಮೂರು ವಾಕ್ಯಕ್ಕೊಮ್ಮೆ ನಿಲ್ಲಿಸುವಂತೆ ಮಾರ್ಗದರ್ಶಿಗೆ ಮುಂಚೆಯೇ ತಿಳಿಸಿ, ನೋಡುವ ಜಾಗಗಳನ್ನು ಇನ್ನೂ ಕಡಿಮೆ ಮಾಡಿಕೊಳ್ಳಿ. ಹೀಗೆ ಮಾಡದವರ ಗುಂಪಿನಲ್ಲಿ ಹಿರಿಯರು ಮಧ್ಯಾಹ್ನದ ಹೊತ್ತಿಗೆ ಒಂದು ಬೆಂಚು ಹುಡುಕಿಕೊಂಡು ಮೌನವಾಗಿ ಕುಳಿತುಬಿಡುವುದು ನೋಡಲು ಬೇಸರದ ಸಂಗತಿ.

ಮೂರನೆಯ ಹಂತ: ಪಟ್ಟಿಯನ್ನು ಕತ್ತರಿಸಿ

ಎಡವುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಮೊದಲು ಟೋಕಿಯೊದ ನಕ್ಷೆಯಲ್ಲಿ ಯಮನೊತೆ ರೈಲುಮಾರ್ಗವನ್ನು ಗುರುತಿಸಿ. ಅದು ನಗರದ ನಡುಭಾಗವನ್ನು ಸುತ್ತುವರಿದಿರುವ 34.5 ಕಿಲೋಮೀಟರ್ ಉದ್ದದ ವರ್ತುಲ. ಒಂದು ಸುತ್ತಿಗೆ ಸುಮಾರು ಒಂದು ಗಂಟೆ ಹಿಡಿಯುತ್ತದೆ. ಶಿಂಜುಕು, ಹರಾಜುಕು, ಶಿಬುಯಾ ಈ ವರ್ತುಲದ ಪಶ್ಚಿಮ ಅಂಚಿನಲ್ಲಿವೆ. ಉಯೆನೊ, ನಿಪ್ಪೊರಿ ಪೂರ್ವ ಮತ್ತು ಈಶಾನ್ಯ ಅಂಚಿನಲ್ಲಿವೆ. ಅಸಾಕುಸಾ ವರ್ತುಲದಾಚೆ, ಇನ್ನೂ ಪೂರ್ವಕ್ಕೆ, ಸುಮಿದಾ ನದಿಯ ದಡದಲ್ಲಿದೆ. ಬೆಳಿಗ್ಗೆ ಅಸಾಕುಸಾ, ಮಧ್ಯಾಹ್ನ ಶಿಬುಯಾ, ಸಂಜೆ ಮತ್ತೆ ಪೂರ್ವಕ್ಕೆ ಬಂದು ಸ್ಕೈಟ್ರೀ ಗೋಪುರ ನೋಡುವ ಯೋಜನೆ ಏಕೆ ಸೋಲುತ್ತದೆಂಬುದು ನಕ್ಷೆ ನೋಡಿದ ಕೂಡಲೇ ತಿಳಿಯುತ್ತದೆ. ರೈಲು ವೇಗವಾಗಿಯೇ ಹೋಗುತ್ತದೆ, ನಿಜ. ಆದರೆ ನಿಲ್ದಾಣದೊಳಗಿನ ನಡಿಗೆ, ಮಾರ್ಗ ಬದಲಾವಣೆ, ಲಿಫ್ಟ್‌ಗಾಗಿ ಸುತ್ತಾಟ, ಶೌಚಾಲಯದ ವಿರಾಮ ಇವೆಲ್ಲ ಸೇರಿದರೆ ಒಂದೊಂದು ವರ್ಗಾವಣೆಗೂ ಮುಕ್ಕಾಲು ಗಂಟೆ ಸುಲಭವಾಗಿ ಜಾರಿಹೋಗುತ್ತದೆ. ಆದ್ದರಿಂದ ಒಂದು ದಿನಕ್ಕೆ ನಗರದ ಒಂದೇ ಮಗ್ಗುಲು, ಅದರಲ್ಲಿ ಮೂರು, ಹೆಚ್ಚೆಂದರೆ ನಾಲ್ಕು ಜಾಗ. ಇದನ್ನು ಮೀರಬೇಡಿ.

ಮುಂದೆ, ಮಾರ್ಗದರ್ಶಿಯ ಅಗತ್ಯವೇ ಇಲ್ಲದ ಜಾಗಗಳನ್ನು ಪಟ್ಟಿಯಿಂದ ಹೊಡೆದುಹಾಕಿ. 634 ಮೀಟರ್ ಎತ್ತರದ ಸ್ಕೈಟ್ರೀ ಏರಲು ಟಿಕೆಟ್ ಸಾಕು. ಶಿಬುಯಾದ ಪ್ರಸಿದ್ಧ ದಾಟುರಸ್ತೆಯನ್ನು ನೀವೇ ದಾಟಬಹುದು. ಶಿಂಜುಕುವಿನ ಮಹಾನಗರ ಸರ್ಕಾರಿ ಕಟ್ಟಡದಲ್ಲಿ 202 ಮೀಟರ್ ಎತ್ತರದ ವೀಕ್ಷಣಾ ಅಂಗಳಕ್ಕೆ ಪ್ರವೇಶ ಉಚಿತ, ಅಲ್ಲಿಗೂ ನೀವೇ ಹೋಗಿಬರಬಹುದು. ಡಿಸ್ನಿಲ್ಯಾಂಡ್‌ಗೆ ಮಾರ್ಗದರ್ಶಿಯನ್ನು ಕರೆದೊಯ್ಯುವುದಂತೂ ಹಣ ಪೋಲು. ಇವೆಲ್ಲ ಉಳಿದ ದಿನಗಳಿಗಿರಲಿ.

ಉಳಿಸಿಕೊಳ್ಳಬೇಕಾದದ್ದು, ಯಾರಾದರೂ ಹೇಳದ ಹೊರತು ತಿಳಿಯದ ಜಾಗಗಳನ್ನು. ಭಾರತದಿಂದ ಹೋದವರಿಗೆ ಪೂರ್ವದ ಮಗ್ಗುಲೇ ಉತ್ತಮ ಎಂಬುದು ನನ್ನ ದೃಢವಾದ ಅಭಿಪ್ರಾಯ. 8.30ಕ್ಕೆ ಅಸಾಕುಸಾದ ಸೆನ್ಸೋಜಿ ದೇವಾಲಯದಿಂದ ಆರಂಭಿಸಿ. ಹತ್ತು ಗಂಟೆ ಕಳೆದರೆ ಕಮಿನಾರಿಮೊನ್ ದ್ವಾರದ ಕೆಂಪು ಲಾಂದ್ರದ ಕೆಳಗೆ ನಿಲ್ಲಲೂ ಜಾಗವಿರುವುದಿಲ್ಲ. 628ರಲ್ಲಿ ಇಬ್ಬರು ಬೆಸ್ತ ಸೋದರರ ಬಲೆಗೆ ಸುಮಿದಾ ನದಿಯಲ್ಲಿ ಕಾನ್ನೊನ್ ವಿಗ್ರಹ ಸಿಕ್ಕಿತೆಂಬುದು ಇಲ್ಲಿನ ಐತಿಹ್ಯ. ಕಾನ್ನೊನ್ ಎಂದರೆ ಬೌದ್ಧರ ಕರುಣೆಯ ಬೋಧಿಸತ್ವ, ನಮ್ಮ ಅವಲೋಕಿತೇಶ್ವರನೇ. ಆ ವಿಗ್ರಹವನ್ನು ಯಾರಿಗೂ ತೋರಿಸುವುದಿಲ್ಲ. ಈಗ ಕಾಣುವ ಮುಖ್ಯ ಮಂದಿರ, 1945ರ ಮಾರ್ಚ್‌ನ ಬಾಂಬ್ ದಾಳಿಯಲ್ಲಿ ಹಳೆಯದು ಸುಟ್ಟುಹೋದ ಮೇಲೆ 1958ರಲ್ಲಿ ಕಾಂಕ್ರೀಟಿನಲ್ಲಿ ಕಟ್ಟಿದ್ದು. ಪಕ್ಕದಲ್ಲಿಯೇ ಆ ಬೆಸ್ತ ಸೋದರರನ್ನು ಪೂಜಿಸುವ, ಜಪಾನಿನ ಮೂಲಧರ್ಮವಾದ ಶಿಂಟೊಗೆ ಸೇರಿದ ಅಸಾಕುಸಾ ಮಂದಿರವಿದೆ. 1649ರ ಈ ಮರದ ಕಟ್ಟಡ ಯುದ್ಧದಲ್ಲಿ ಉಳಿದುಕೊಂಡಿತು. ಬೌದ್ಧ ದೇವಾಲಯದಲ್ಲಿ ಚಪ್ಪಾಳೆ ತಟ್ಟದೆ ಕೈಮುಗಿಯಬೇಕು, ಶಿಂಟೊ ಮಂದಿರದಲ್ಲಿ ಎರಡು ಬಾರಿ ಬಾಗಿ, ಎರಡು ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗಬೇಕು. ಎರಡೂ ಒಂದೇ ಅಂಗಳದಲ್ಲಿರುವುದರಿಂದ ಈ ವ್ಯತ್ಯಾಸವನ್ನು ಮಾಡಿ ನೋಡಿಯೇ ಕಲಿಯಬಹುದು.

ಅಲ್ಲಿಂದ ಹತ್ತು ನಿಮಿಷ ನಡೆದರೆ ಮತ್ಸುಚಿಯಾಮಾ ಶೋದೆನ್ ಎಂಬ ಚಿಕ್ಕ ದೇವಾಲಯ. ಪ್ಯಾಕೇಜುಗಳಲ್ಲಿ ಇದರ ಹೆಸರು ಬರುವುದು ಅಪರೂಪ, ಆದ್ದರಿಂದ ನೀವೇ ಕೇಳಬೇಕು. ಇಲ್ಲಿನ ದೇವರು ಕಾಂಗಿತೆನ್, ಅಂದರೆ ಬೌದ್ಧ ಧರ್ಮದ ಜೊತೆ ಚೀನಾ ಮಾರ್ಗವಾಗಿ ಜಪಾನ್ ತಲುಪಿದ ಗಣಪತಿ. ಮೂರ್ತಿ ಮರೆಯಲ್ಲಿರುತ್ತದೆ, ದರ್ಶನವಿಲ್ಲ. ಭಕ್ತರು ಮೂಲಂಗಿಯನ್ನು ಅರ್ಪಿಸುತ್ತಾರೆ, ಕಟ್ಟಡದ ಅಲಂಕಾರಗಳಲ್ಲಿಯೂ ಜೋಡಿ ಮೂಲಂಗಿ ಮತ್ತು ಹಣದ ಚೀಲದ ಚಿಹ್ನೆಗಳಿವೆ. ಗರಿಕೆ ಮತ್ತು ಕಡುಬಿನ ಗಣಪನನ್ನು ಬಲ್ಲವರಿಗೆ ಇಲ್ಲಿ ಕೇಳಲು ಹತ್ತಾರು ಪ್ರಶ್ನೆಗಳು ಹುಟ್ಟುತ್ತವೆ. ಒಳ್ಳೆಯ ಮಾರ್ಗದರ್ಶಿಯ ಬೆಲೆ ತಿಳಿಯುವುದು ಆಗಲೇ.

ನಂತರ ಗಿಂಜಾ ಮಾರ್ಗದ ಮೆಟ್ರೊ ಹತ್ತಿ ಉಯೆನೊಗೆ ಬನ್ನಿ. ಅಸಾಕುಸಾ ಮತ್ತು ಉಯೆನೊ ನಡುವಿನ ಈ ತುಣುಕು 1927ರಲ್ಲಿ ಆರಂಭವಾದದ್ದು, ಏಷ್ಯಾದ ಮೊದಲ ಸುರಂಗ ರೈಲು. ಉಯೆನೊದ ಶಿನೊಬಾಜು ಕೊಳದ ನಡುಗಡ್ಡೆಯಲ್ಲಿ ಬೆನ್‌ಜೈತೆನ್ ಗುಡಿಯಿದೆ. ಆಕೆ ನಮ್ಮ ಸರಸ್ವತಿ, ಜಪಾನಿನ ಚಿತ್ರಗಳಲ್ಲಿ ವೀಣೆಯ ಬದಲು ಬಿವಾ ಎಂಬ ತಂತಿವಾದ್ಯ ಹಿಡಿದಿರುತ್ತಾಳೆ. ಜುಲೈ ಆಗಸ್ಟ್‌ನಲ್ಲಿ ಕೊಳದ ತುಂಬ ತಾವರೆ. ಊಟದ ನಂತರ 1706ರ ನೆಜು ಶಿಂಟೊ ಮಂದಿರ, ಅಲ್ಲಿಂದ ಯನಾಕಾದ ಹಳೆಯ ಬೀದಿಗಳು. 1923ರ ಭೂಕಂಪವನ್ನೂ ಯುದ್ಧದ ಬೆಂಕಿಯನ್ನೂ ಬಹುಮಟ್ಟಿಗೆ ತಪ್ಪಿಸಿಕೊಂಡ ಬಡಾವಣೆಯಿದು. ಜಪಾನನ್ನು ಆಳಿದ ಸೇನಾಧಿಪತಿಗಳಲ್ಲಿ (ಶೋಗನ್) ಕೊನೆಯವನಾದ ತೊಕುಗಾವಾ ಯೊಶಿನೊಬುವಿನ ಸಮಾಧಿಯೂ ಯನಾಕಾದ ಸ್ಮಶಾನದಲ್ಲಿದೆ. ಅದರ ಪಕ್ಕದಲ್ಲೇ ನಿಪ್ಪೊರಿ ನಿಲ್ದಾಣ. ಅಲ್ಲಿಗೆ ದಿನ ಮುಗಿಯಿತು.

ನೇತಾಜಿ ಸುಭಾಷ್‌ಚಂದ್ರ ಬೋಸರ ಚಿತಾಭಸ್ಮವಿದೆ ಎನ್ನಲಾಗುವ ರೆಂಕೋಜಿ ದೇವಾಲಯವನ್ನು ನೋಡಲೇಬೇಕೆನ್ನುವವರಿದ್ದಾರೆ. ಅದು ನಗರದ ಪಶ್ಚಿಮದ ಸುಗಿನಾಮಿಯಲ್ಲಿದೆ. ಅದನ್ನು ಮೇಲಿನ ಯೋಜನೆಗೆ ತುರುಕಬೇಡಿ. ದಿನವನ್ನೇ ಪಶ್ಚಿಮಕ್ಕೆ ಬದಲಿಸಿ, ಬೆಳಿಗ್ಗೆ ಚಕ್ರವರ್ತಿ ಮೇಜಿಯ ಹೆಸರಿನ ಶಿಂಟೊ ಮಂದಿರದ ಕಾಡಿನಲ್ಲಿ ನಡೆದು ಮಧ್ಯಾಹ್ನ ರೆಂಕೋಜಿಗೆ ಹೋಗಿ. ಮೇಜಿ ಮಂದಿರ ಸ್ಥಾಪನೆಯಾದದ್ದು 1920ರಲ್ಲಿ. ಸುತ್ತಲಿನ ಆ ದಟ್ಟ ಕಾಡು ದೇಶದ ಮೂಲೆಮೂಲೆಗಳಿಂದ ದಾನವಾಗಿ ಬಂದ ಸುಮಾರು ಒಂದು ಲಕ್ಷ ಮರಗಳನ್ನು ನೆಟ್ಟು ಬೆಳೆಸಿದ್ದೆಂದು ಮಾರ್ಗದರ್ಶಿ ಹೇಳಿದಾಗ ಮಾತ್ರ ನಂಬಿಕೆ ಬರುತ್ತದೆ.

ನಾಲ್ಕನೆಯ ಹಂತ: ಪತ್ರ ಬರೆಯಿರಿ

ಮಾರ್ಗದರ್ಶಿಗೆ ಇಮೇಲ್ ಬರೆಯಿರಿ. ಜಪಾನಿನಲ್ಲಿ ವಾಟ್ಸ್ಆ್ಯಪ್‌ಗಿಂತ ಲೈನ್ ಎಂಬ ಆ್ಯಪ್ ಹೆಚ್ಚು ಬಳಕೆಯಲ್ಲಿರುವುದರಿಂದ ವಾಟ್ಸ್ಆ್ಯಪ್ ಸಂದೇಶವನ್ನು ನಂಬಿ ಕೂರಬೇಡಿ. ಗುಂಪಿನ ಪ್ರತಿಯೊಬ್ಬರ ವಯಸ್ಸು, ಮೊಣಕಾಲು ನೋವಿನಂಥ ತೊಂದರೆಗಳು, ಎಷ್ಟು ಹೊತ್ತು ನಿಲ್ಲದೆ ನಡೆಯಬಲ್ಲರು, ಆಹಾರದ ನಿರ್ಬಂಧ, ಯಾವ ವಿಷಯದಲ್ಲಿ ಕುತೂಹಲ ಇವನ್ನೆಲ್ಲ ಸಂಕೋಚವಿಲ್ಲದೆ ಬರೆಯಿರಿ. ‘ಅಮ್ಮ ಚೆನ್ನಾಗಿ ನಡೆಯುತ್ತಾರೆ’ ಎಂದು ಬರೆದರೆ ಮಾರ್ಗದರ್ಶಿ ಅದನ್ನು ನಂಬಿಯೇ ಯೋಜನೆ ಹಾಕುತ್ತಾರೆ, ಮತ್ತು ಮೇಲಿನ ದಿನಕ್ಕೆ ಹದಿನೈದು ಸಾವಿರ ಹೆಜ್ಜೆಗಳಾದರೂ ಬೇಕು. ನಿಲ್ದಾಣಗಳಲ್ಲಿ ಲಿಫ್ಟ್ ಇರುತ್ತದೆ, ಆದರೆ ಯಾವ ದ್ವಾರದ ಬಳಿ ಎಂಬುದು ಮುಖ್ಯ. ಲಿಫ್ಟ್ ಇರುವ ದಾರಿಯಲ್ಲಿಯೇ ಕರೆದೊಯ್ಯಬೇಕೆಂದು ಪತ್ರದಲ್ಲೇ ಹೇಳಿ. ಭೇಟಿಯ ಸ್ಥಳ ನಿಮ್ಮ ಹೋಟೆಲಿನ ಲಾಬಿಯೇ ಆಗಿರಲಿ. ಇನ್ನೂರರಷ್ಟು ದ್ವಾರಗಳಿರುವ ಶಿಂಜುಕು ನಿಲ್ದಾಣದಲ್ಲಿ ಭೇಟಿಯಾಗೋಣವೆಂದು ಒಪ್ಪಿಕೊಂಡರೆ ಮೊದಲ ಗಂಟೆ ಹುಡುಕಾಟದಲ್ಲಿಯೇ ಹೋಗುತ್ತದೆ.

ಐದನೆಯ ಹಂತ: ಊಟವನ್ನು ಮೊದಲೇ ನಿಶ್ಚಯಿಸಿ

ಸಸ್ಯಾಹಾರಿಗಳು ‘ವೆಜಿಟೇರಿಯನ್’ ಎಂದಷ್ಟೇ ಹೇಳಿ ಬಿಟ್ಟರೆ ಸಾಲದು. ಜಪಾನಿ ಅಡುಗೆಯ ತಳಹದಿಯಾದ ದಾಶಿ ಎಂಬ ಸಾರನ್ನು ಬಹಳ ಕಡೆ ಒಣಮೀನಿನ ಚಕ್ಕೆಗಳಿಂದ ತೆಗೆಯುತ್ತಾರೆ, ಮಿಸೊ ಸೂಪಿನಲ್ಲಿ, ಸೋಬಾ ನೂಡಲ್ಸಿನ ಸಾರಿನಲ್ಲಿ, ತರಕಾರಿ ತೆಂಪುರಾದ ಜೊತೆ ಕೊಡುವ ದ್ರವದಲ್ಲಿಯೂ ಅದಿರುತ್ತದೆ. ಕಣ್ಣಿಗೆ ಮೀನಿನ ತುಂಡು ಕಾಣದಿರುವುದರಿಂದ ಬಡಿಸುವವರು ಅದನ್ನು ಮೋಸವೆಂದು ಭಾವಿಸುವುದಿಲ್ಲ. ಆದ್ದರಿಂದ ಪತ್ರದಲ್ಲಿ ಮಾಂಸ, ಮೀನು, ಮೀನಿನ ದಾಶಿ, ಮೊಟ್ಟೆ ಹೀಗೆ ಒಂದೊಂದನ್ನೂ ಹೆಸರಿಸಿ, ಬೇಕೋ ಬೇಡವೋ ಬರೆಯಿರಿ. ಅದನ್ನೇ ಜಪಾನಿ ಭಾಷೆಯಲ್ಲಿ ಒಂದು ಚೀಟಿಯ ಮೇಲೆ ಬರೆದುಕೊಡುವಂತೆ ಮಾರ್ಗದರ್ಶಿಯನ್ನು ಕೇಳಿಕೊಂಡರೆ ಪ್ರವಾಸದ ಉಳಿದ ದಿನಗಳಿಗೂ ಉಪಯೋಗವಾಗುತ್ತದೆ. ಬೌದ್ಧ ಮಠಗಳ ಶೋಜಿನ್ ಅಡುಗೆಯಲ್ಲಿ ಮಾಂಸ, ಮೀನುಗಳೂ ಇರುವುದಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಆದರೆ ಅದಕ್ಕೆ ಮುಂಗಡ ಕಾಯ್ದಿರಿಸುವಿಕೆ ಬೇಕಾಗುತ್ತದೆ, ಮತ್ತು ಗಡ್ಡೆ ಗೆಣಸುಗಳನ್ನು ತಿನ್ನದ ಜೈನರಿಗೆ ಅದೂ ಹೊಂದುವುದಿಲ್ಲ. ಅಂಥವರಿಗೆ ಉಯೆನೊದ ಪಕ್ಕದ ಒಕಾಚಿಮಾಚಿಯಲ್ಲಿರುವ ಭಾರತೀಯ ಹೋಟೆಲುಗಳೇ ಗತಿ. ಪೂರ್ವದ ಮಗ್ಗುಲನ್ನು ಆರಿಸಲು ಇದೂ ಒಂದು ಕಾರಣ.

ಆರನೆಯ ಹಂತ: ಟಿಕೆಟ್ ಮತ್ತು ವಾಹನ

ರೈಲು, ಮೆಟ್ರೊಗಳಲ್ಲಿ ಬಳಸುವ ಸುಯಿಕಾ ಅಥವಾ ಪಾಸ್ಮೊ ಕಾರ್ಡ್ ಕೊಂಡು ಹಣ ತುಂಬಿಸಿಕೊಳ್ಳಿ, ಅಷ್ಟು ಸಾಕು. ಐಫೋನ್‌ನಲ್ಲಿ ಇದನ್ನು ಸೇರಿಸಿಕೊಳ್ಳಬಹುದು. ಭಾರತದಲ್ಲಿ ಕೊಂಡ ಆಂಡ್ರಾಯ್ಡ್ ಫೋನುಗಳಲ್ಲಿ ಸಾಮಾನ್ಯವಾಗಿ ಆಗುವುದಿಲ್ಲ. ಟೋಕಿಯೊದ ಒಂದು ದಿನಕ್ಕಾಗಿ ಜಪಾನ್ ರೈಲ್ ಪಾಸ್ ಬಳಸಬೇಡಿ. 2023ರ ಅಕ್ಟೋಬರ್‌ನಲ್ಲಿ ಏಳು ದಿನದ ಸಾಮಾನ್ಯ ಪಾಸಿನ ದರ 29,650 ಯೆನ್‌ನಿಂದ 50,000 ಯೆನ್‌ಗೆ ಏರಿತು. ಮೇಲಾಗಿ ಅದು ಮೆಟ್ರೊದಲ್ಲಿ ನಡೆಯುವುದೇ ಇಲ್ಲ. ಹಾಗೆಯೇ ಮೆಟ್ರೊದ ದಿನದ ಟಿಕೆಟ್ ಯಮನೊತೆ ರೈಲಿನಲ್ಲಿ ನಡೆಯುವುದಿಲ್ಲ.

ಹಿರಿಯರಿಗಾಗಿ ವಾಹನ ಬೇಕೆನಿಸಿದರೆ ಹಸಿರು ನಂಬರ್ ಪ್ಲೇಟ್ ಇರುವ, ಚಾಲಕರ ಸಹಿತ ಬಾಡಿಗೆ ವಾಹನವನ್ನೇ ಕೇಳಿ. ಬಿಳಿ ಪ್ಲೇಟಿನ ಸ್ವಂತ ಕಾರಿನಲ್ಲಿ ಅನುಮತಿಯಿಲ್ಲದೆ ಹಣ ಪಡೆದು ಕರೆದೊಯ್ಯುವುದು ಅಲ್ಲಿ ಕಾನೂನುಬಾಹಿರ. ಸಾಮಾನ್ಯ ಟ್ಯಾಕ್ಸಿಯಲ್ಲಿ ನಾಲ್ವರಿಗಷ್ಟೇ ಜಾಗ, ಮಾರ್ಗದರ್ಶಿಯೂ ಆ ನಾಲ್ವರಲ್ಲಿ ಒಬ್ಬರು.

ಕೊನೆಯ ಹಂತ: ಆ ದಿನ

ಸಮಯಕ್ಕೆ ಹತ್ತು ನಿಮಿಷ ಮೊದಲೇ ಲಾಬಿಯಲ್ಲಿರಿ, ಸುಲಭವಾಗಿ ಬಿಚ್ಚಬಹುದಾದ ಶೂ ಹಾಕಿಕೊಳ್ಳಿ, ಗುಡಿಗಳಿಗಾಗಿ ಚಿಲ್ಲರೆ ನಾಣ್ಯಗಳಿರಲಿ. ಹೋಟೆಲು ಖಾಲಿ ಮಾಡುವ ದಿನವಾದರೆ ಸೂಟ್‌ಕೇಸನ್ನು ಅಲ್ಲಿಯೇ ಒಪ್ಪಿಸಿ ಹೊರಡಿ. ಮಾರ್ಗದರ್ಶಿ ಮಾತನಾಡುವಾಗ ವಿಡಿಯೊ ಮಾಡುವುದನ್ನು ನಿಲ್ಲಿಸಿ ಕೇಳಿ, ಪ್ರಶ್ನೆ ಕೇಳಿ. ಯೋಜನೆಯಲ್ಲಿದ್ದ ಒಂದು ಜಾಗ ತಪ್ಪಿಹೋದರೂ ಚಿಂತೆಯಿಲ್ಲ. ಟಿಪ್ಸ್ ಕೊಡುವ ರೂಢಿ ಜಪಾನಿನಲ್ಲಿಲ್ಲ, ಒತ್ತಾಯ ಮಾಡಿದರೆ ಅವರಿಗೆ ಮುಜುಗರವಾಗುತ್ತದೆ. ಊರಿನಿಂದ ಒಯ್ದ ಮೈಸೂರು ಸ್ಯಾಂಡಲ್ ಸಾಬೂನಿನಂಥ ಸಣ್ಣ ಕಾಣಿಕೆಯನ್ನು ಕೊಡಬಹುದು. ನಿಪ್ಪೊರಿಯಲ್ಲಿ ಬೀಳ್ಕೊಡುವ ಮುನ್ನ, ಮರುದಿನ ನೀವೇ ಹೋಗಬೇಕೆಂದಿರುವ ಜಾಗಗಳನ್ನು ಹೇಳಿ, ಯಾವ ನಿಲ್ದಾಣ, ಯಾವ ದ್ವಾರ, ಎಷ್ಟು ಗಂಟೆಗೆ ಹೋದರೆ ಜನ ಕಡಿಮೆ ಎಂಬುದನ್ನು ಅವರಿಂದ ಕೇಳಿ ಬರೆದುಕೊಳ್ಳಿ.